ಸ್ಟೂಲು ಬಂದ ಹಾಸಿಗೆ

ಕಿರ್ರ್ ಎಂದು ಒಂದು ಸಣ್ಣ ಸದ್ದು, ಆಮೇಲೆ ಏನೂ ಇಲ್ಲ. ನಿದ್ದೆ ಬಾರದೆ ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದ ರೋಸಿಲಿಗೆ ಅದು ಏನೆಂದು ತಕ್ಷಣ ತಿಳಿಯಿತು. ಅಂಗಳದಾಚೆ ಗಂಡಸರ ಸರ್ಜರಿ ವಾರ್ಡಿನಲ್ಲಿ, ಇಷ್ಟು ರಾತ್ರಿಯಲ್ಲಿ, ಯಾರೋ ಕಬ್ಬಿಣದ ಸ್ಟೂಲನ್ನು ಹಾಸಿಗೆಯೊಂದರ ಪಕ್ಕಕ್ಕೆ ಎಳೆದುಕೊಂಡಿದ್ದರು. ಮತ್ತೆ ಎದ್ದ ಸದ್ದು ಬರಲಿಲ್ಲ. ಅಂದರೆ ಕೂತಿದ್ದಾರೆ. ಕೂತೇ ಇದ್ದಾರೆ. ಅವಳು ಹೊದಿಕೆ ಸರಿಸಿ ಎದ್ದು ಕೂತಳು. ಎದೆ ಢವಢವ ಹೊಡೆದುಕೊಳ್ಳುತ್ತಿತ್ತು. ರಾತ್ರಿ ಪಾಳಿಯಲ್ಲಿ ಇದ್ದವಳು ದಿಲ್ನ, ಎರಡನೆಯ ವರ್ಷದ ನರ್ಸಿಂಗ್ ಹುಡುಗಿ, ಇಂಜೆಕ್ಷನ್ ಕೊಡುವಾಗ ರೋಗಿಗಿಂತ ಮೊದಲು ತಾನೇ ಕಣ್ಣು ಮುಚ್ಚುವವಳು. ಕೂರು ಎಂದು ಅವಳಿಗೆ ಈ ಹೊತ್ತಿನಲ್ಲಿ ಯಾರೂ ಹೇಳಿರಲಾರರು. ಟ್ರೇ ಇಲ್ಲದೆ, ಥರ್ಮಾಮೀಟರ್ ಇಲ್ಲದೆ ಬರಿಗೈಯಲ್ಲಿ ರೋಗಿಯ ಹತ್ತಿರ ಹೋಗಿ ಕೂರಿ, ಏನಾದರೂ ಮಾಡುವುದಕ್ಕೆ ಮೊದಲು ಜೊತೆಗಿರುವುದನ್ನು ಕಲಿಯಿರಿ ಎಂದು ರೋಸಿಲಿ ತರಗತಿಯಲ್ಲಿ ಗಂಟಲು ಒಣಗುವಂತೆ ಹೇಳುತ್ತ ಬಂದದ್ದು ಕೊನೆಗೂ ಒಂದು ಹುಡುಗಿಯ ಕೈಕಾಲಿಗೆ ಇಳಿದಿತ್ತು. ಅದೂ ಈ ರಾತ್ರಿಯೇ. ನಾಳೆ ಬೆಳಗಾದರೆ ಎಲ್ಲ ತೀರ್ಮಾನವಾಗುವಂಥ ಈ ರಾತ್ರಿಯೇ.

ನಾಳೆ ವಿಶ್ವವಿದ್ಯಾಲಯದಿಂದ ವಾರಸ್ಯಾರ್ ಮೇಡಂ ಬರುವವರಿದ್ದರು. ರೋಸಿಲಿ ಶುರುಮಾಡಿದ 'ಬರಿಗೈ ಹೊತ್ತು' ಪಾಠಪಟ್ಟಿಯಲ್ಲಿ ಉಳಿಯಬೇಕೋ ಬೇಡವೋ ಎಂದು ವಾರ್ಡಿನಲ್ಲೇ ನಿಂತು ನೋಡಿ ಹೇಳುವವರು. ಬೇಡವೆಂದರೆ ಆ ಗಂಟೆಗಳೆಲ್ಲ ಜರ್ಮನ್ ತರಗತಿಗೆ ಹೋಗುತ್ತವೆ. ಹಾಗೆಂದು ಪ್ರಿನ್ಸಿಪಾಲ್ ಸಿಸ್ಟರ್ ಫಿಡೇಲಿಯ ಸ್ಟಾಫ್ ರೂಮಿನಲ್ಲಿ ಎಲ್ಲರೂ ಚಹಾ ಕುಡಿಯುತ್ತಿದ್ದಾಗಲೇ ಹೇಳಿದ್ದರು. "ಹುಡುಗೀರು ಹೋಗೋದು ಮ್ಯೂನಿಕ್‌ಗೆ, ಬರ್ಲಿನ್‌ಗೆ. ಅಲ್ಲಿ ಸ್ಟೂಲ್ ಮೇಲೆ ಕೂತ್ಕೊಳ್ಳೋಕೆ ಯಾರೂ ಸಂಬಳ ಕೊಡಲ್ಲ ರೋಸಿಲಿ ಟೀಚರೇ. ಸುಮ್ನೆ ಕೂರೋದನ್ನ ನಮ್ಮಮ್ಮನೂ ಕಲಿಸಿದ್ಲು, ಚರ್ಚಲ್ಲಿ, ಕಿವಿ ಹಿಂಡಿ." ಎಲ್ಲರೂ ನಕ್ಕಿದ್ದರು. ರೋಸಿಲಿಯೂ ನಕ್ಕಿದ್ದಳು. ಉಳಿದವರ ನಗು ನಿಂತ ಮೇಲೂ ಅವಳದು ಒಂದು ಗಳಿಗೆ ಮುಂದುವರಿದು, ಕೋಣೆಯಲ್ಲಿ ಒಂಟಿಯಾಗಿ ಉಳಿದ ಆ ನಗುವನ್ನು ಅವಳೇ ಕೇಳಿಸಿಕೊಳ್ಳಬೇಕಾಗಿತ್ತು. ಆರೈಕೆಯ ಬಗ್ಗೆ ಅವಳು ಓದಿದ ಪುಸ್ತಕಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತಿತ್ತು: ಚಿಕಿತ್ಸೆ ಒಬ್ಬರು ಇನ್ನೊಬ್ಬರಿಗೆ ಮಾಡುವಂಥದ್ದು, ಆರೈಕೆ ಇಬ್ಬರ ನಡುವೆ ಒಂದು ಕ್ಷಣದಲ್ಲಿ ಆಗುವಂಥದ್ದು, ಆದ ಮೇಲೆ ಇಬ್ಬರೂ ಮೊದಲಿನವರಾಗಿ ಉಳಿಯುವುದಿಲ್ಲ. ಹಸಿದವರು ಊಟದ ವರ್ಣನೆ ಓದುವ ಹಾಗೆ ಅವಳು ಅದನ್ನು ಓದಿದ್ದಳು. ಅಂಥ ಕ್ಷಣ ತನಗೆ ಆದದ್ದೇ ಇಲ್ಲವೇನೋ ಎಂಬ ಭಯ ಪುಟಗಳ ಹಿಂದೆ ಕೂತಿರುತ್ತಿತ್ತು. ಒಲ್ಲೂರಿನ ಮನೆಯಲ್ಲಿ ಕಾಯಿಲೆ ಬಿದ್ದ ಅಪ್ಪ ಮಲಗಿದಲ್ಲಿಂದ ಕೈ ಚಾಚುತ್ತಿದ್ದ. ಅವಳು ಹಿಡಿದುಕೊಳ್ಳುತ್ತಿದ್ದಳು. ಬೆರಳುಗಳು ತಮ್ಮಷ್ಟಕ್ಕೆ ತಾವೇ ಜಾರಿ ಮಣಿಕಟ್ಟಿಗೆ ಹೋಗಿ ಎಣಿಸತೊಡಗುತ್ತಿದ್ದವು. "ಮೋಳೇ, ಕೈ ಹಿಡ್ಕೋ ಅಂದ್ರೆ ನಾಡಿ ಹಿಡೀತೀಯಲ್ಲೇ," ಎಂದು ಅಪ್ಪ ನಗುತ್ತಿದ್ದ. ಅವನು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಬೆಳಿಗ್ಗೆ ಅವಳು ಸೀರೆಯ ನೆರಿಗೆಯನ್ನು ಸರಿಯಾಗಿ ಕೂರಿಸದೆಯೇ ಅಂಗಳ ದಾಟಿದಳು. ಕ್ಯಾಂಟೀನಿನಲ್ಲಿ ಪುಟ್ಟು ಬೇಯುವ ಹಬೆ. ಬಿಸಿನೀರಿನ ನಲ್ಲಿಯ ಮುಂದೆ ಫ್ಲಾಸ್ಕ್ ಹಿಡಿದ ಹೆಂಗಸರ ಸಾಲು. ವಾರ್ಡಿನ ಬಾಗಿಲಲ್ಲಿ ದಿಲ್ನ ಕಾಯುತ್ತಿದ್ದಳು. ಪಾಳಿ ಮುಗಿದಿದ್ದರೂ ಹಾಸ್ಟೆಲಿಗೆ ಹೋಗಿರಲಿಲ್ಲ. ಅತ್ತು ಕೆಂಪಾದ ಕಣ್ಣುಗಳಲ್ಲಿ ಹೊಳಪಿತ್ತು.

"ಟೀಚರೇ, ಔತ ಅಪ್ಪಾಪ್ಪ ಮಾತಾಡಿದ್ರು!"

ಔತ ಕಿಟಕಿಯ ಪಕ್ಕದ ಹಾಸಿಗೆಯ ಮುದುಕ. ಬ್ಯಾಂಡ್‌ಸೆಟ್ಟಿನಲ್ಲಿ ಕ್ಲಾರಿನೆಟ್ ಊದುತ್ತಿದ್ದವನು, ಊದಿ ಊದಿಯೇ ಹರ್ನಿಯ ಬರಿಸಿಕೊಂಡನೆಂದು ವಾರ್ಡಿನಲ್ಲಿ ತಮಾಷೆ. ಆಪರೇಷನ್ ಆದಂದಿನಿಂದ ಒಬ್ಬರ ಹತ್ತಿರವೂ ಒಂದು ಮಾತೂ ಆಡಿರಲಿಲ್ಲ. ಉಳಿದ ಪ್ರತಿ ಮಂಚದ ಕೆಳಗೂ ಚಾಪೆ, ದಿಂಬು, ಮನೆಯಿಂದ ಜೊತೆಗೆ ಬಂದವರ ಚಪ್ಪಲಿ. ಅವನ ಮಂಚದ ಕೆಳಗೆ ಮಾತ್ರ ಕ್ಲಾರಿನೆಟ್ಟಿನ ಕಪ್ಪು ಪೆಟ್ಟಿಗೆ.

"ನಾನು ಏನೂ ಮಾಡ್ಲಿಲ್ಲ ಟೀಚರೇ. ಅವ್ರಿಗೆ ನಿದ್ದೆ ಬಂದಿರ್ಲಿಲ್ಲ. ಸ್ಟೂಲ್ ಎಳ್ಕೊಂಡು ಸುಮ್ನೆ ಕೂತೆ, ಕೈ ಹಿಡ್ಕೊಂಡೆ. ನನ್ನ ನೋಡಿದ್ರು, ಸ್ಟೂಲ್ ನೋಡಿದ್ರು, ಅಳೋಕೆ ಶುರುಮಾಡಿದ್ರು. 'ಇಷ್ಟು ಬೇಗನಾ ಮೋಳೇ?' ಅಂದ್ರು. ನಾನು ಹೂಂ ಅಂದೆ."

"ಹೂಂ ಅಂದ್ಯಾ?"

"ನೀವೇ ಹೇಳಿದ್ರಲ್ಲ, ರೋಗಿ ಮನಸ್ಸು ಬಿಚ್ಚುವಾಗ ಎದುರು ಮಾತಾಡ್ಬೇಡಿ ಅಂತ. ಆಮೇಲೆ ತಂಗಿ ವಿಷ್ಯ ಎಲ್ಲ ಹೇಳಿದ್ರು. ಕೊಚ್ಚುತ್ರೇಸ್ಯ ಅಂತೆ, ಚೇವೂರಲ್ಲಿ ಇರೋದು. ಅವ್ಳ ಗಂಡ ತೀರ್ಕೊಂಡ ದಿನ ಇವ್ರು ಬೇರೆ ಊರಿನ ಹಬ್ಬದಲ್ಲಿ ಊದ್ತಾ ಇದ್ರಂತೆ. ಮಣ್ಣು ಮಾಡಿದ ಮೇಲೆ ಬ್ಯಾಂಡಿನ ಕೆಂಪು ಕೋಟಲ್ಲೇ ಓಡಿ ಬಂದ್ರಂತೆ. ಅವ್ಳು ಬಾಗಿಲು ಹಾಕಿದ್ಲು, ಇನ್ನೂ ತೆಗ್ದಿಲ್ಲ. ಒಂದ್ಸಲ ನೋಡ್ಬೇಕು ಅಂದ್ರು. ಬೆಳಿಗ್ಗೆ ಪಕ್ಕದ ಹಾಸಿಗೆ ಪೊರಿಂಚು ಚೇಟ್ಟನ ಹೆಂಡ್ತಿ ಅವ್ಳಿಗೆ ಫೋನ್ ಮಾಡಿದ್ದಾರೆ."

ರೋಸಿಲಿಗೆ ಮೈ ಜುಮ್ಮೆಂದಿತು. 'ಇಷ್ಟು ಬೇಗನಾ' ಎಂಬ ಮಾತು ಕಿವಿಗೆ ಬಿದ್ದಿತ್ತು, ಆದರೆ ಸಂತೋಷದ ಸದ್ದಿನಲ್ಲಿ ಒಳಗೆ ಇಳಿದಿರಲಿಲ್ಲ. ಪುಸ್ತಕದಲ್ಲಿ ಓದಿದ್ದು ಮಂಚದ ಮೇಲೆ ಎದ್ದು ಕೂತಿದೆ, ಬಾಯಿ ಬಿಟ್ಟು ಮಾತಾಡಿದೆ, ತಂಗಿಯನ್ನು ಕರೆದಿದೆ! ಅವಳು ಹೆಚ್ಚುಕಡಿಮೆ ಓಡಿದಳು. ಔತ ಮೀಸೆಯನ್ನೂ ಸೇರಿಸಿ ಮುಖಕ್ಷೌರ ಮಾಡಿಸಿಕೊಂಡು, ನೀರು ಹಚ್ಚಿ ತಲೆ ಬಾಚಿ, ಒಗೆದ ಬಿಳಿ ಮುಂಡು ಉಟ್ಟು ನೆಟ್ಟಗೆ ಮಲಗಿದ್ದ. ಎದೆಯ ಮೇಲೆ ಜೋಡಿಸಿದ ಕೈಗಳಲ್ಲಿ ಜಪಸರ. "ಫಾದರ್‌ನ ಕರೆಸ್ತೀರಾ ಟೀಚರ್?" ಎಂದ. ಆರೈಕೆಯಲ್ಲಿ ಆತ್ಮದ ಪಾಲೂ ಇದೆಯೆಂದು ಮೊನ್ನೆಯ ತರಗತಿಯಲ್ಲಿ ಹೇಳಿದ್ದು ನೆನಪಾಗಿ, ಅದೂ ನಿಜವಾಯಿತಲ್ಲ ಎಂದು ಅವಳ ಕಣ್ಣು ತುಂಬಿ ಬಂತು. ಆ ತುಂಬಿದ ಕಣ್ಣನ್ನು ಔತ ನೋಡಿದ. ನೋಡಿ ನಿಧಾನವಾಗಿ ತಲೆ ಆಡಿಸಿದ.

ಪಕ್ಕದ ಹಾಸಿಗೆಯಲ್ಲಿ ಮುರಿದ ಕಾಲನ್ನು ಮೇಲಕ್ಕೆ ಕಟ್ಟಿಸಿಕೊಂಡಿದ್ದ ಪೊರಿಂಚು ಪಿಸುಗುಟ್ಟಿದ. "ಟೀಚರೇ, ಪಾಪ, ಇನ್ನೆಷ್ಟು ದಿನ ಅಂತೆ?"

"ಏನು ಎಷ್ಟು ದಿನ?"

"ಸ್ಟೂಲ್ ಬಂತಲ್ಲ."

"ಯಾವ ಸ್ಟೂಲು?"

ಪೊರಿಂಚು ಇವಳಿಗೆ ತಲೆ ನೆಟ್ಟಗಿದೆಯೇ ಎಂಬಂತೆ ನೋಡಿದ. "ಆ ಹಸಿರು ಸ್ಟೂಲು ಟೀಚರೇ. ಇಡೀ ವಾರ್ಡಿಗೆ ಇರೋದು ಅದೊಂದೇ. ಇಲ್ಲಿ ನರ್ಸಮ್ಮಂದಿರಿಗೆ ಕೂರೋಕೆ ಪುರುಸೊತ್ತಿದ್ಯಾ? ಡಾಕ್ಟ್ರು ಕೈಬಿಟ್ಟ ಮೇಲೆ ಕನ್ಯಾಸ್ತ್ರೀ ಮಠದಿಂದ ಒಬ್ಬ ಸಿಸ್ಟರ್ ಬಂದು ಅದನ್ನ ಎಳ್ಕೊಂಡು ಕೂತು ಕೈ ಹಿಡ್ಕೋತಾರೆ. ಲೋನಪ್ಪನ ಹತ್ರ ಬಂದು ಕೂತ್ರು, ಬೆಳಗಾಗೋದ್ರೊಳಗೆ ಲೋನಪ್ಪ ಇಲ್ಲ. ಆ ಕಿರ್ರ್ ಸದ್ದು ಕೇಳಿದ್ರೆ ನಾವೆಲ್ಲ ಹೊದಿಕೆ ಎಳ್ಕೊಂಡು ಬಿಡ್ತೀವಿ. ನನ್ನ ಹತ್ರ ಮಾತ್ರ ತರಿಸ್ಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ. ಒಂದೇ ಕಾಲಲ್ಲಿ ಬೀಳ್ಬೇಕು, ನೋಡಿ."

ರೋಸಿಲಿ ಆ ಸ್ಟೂಲಿನ ಕಡೆ ತಿರುಗಿ ನೋಡಿದಳು. ಇಷ್ಟು ದಿನ ಹುಡುಗಿಯರು ಬರಿಗೈಯಲ್ಲಿ, ಮೆತ್ತಗಿನ ಮುಖ ಹೊತ್ತು, ಹಾಸಿಗೆಯಿಂದ ಹಾಸಿಗೆಗೆ ಹೋಗಿ ಕೂತಿದ್ದರೆ? ಇಲ್ಲ, ಕೂತಿರಲಿಲ್ಲ. ಹಗಲು ಅವಳೆದುರಿಗೆ ನಾಚಿಕೊಂಡು ಮಂಚದ ಅಂಚಿನಲ್ಲಿ ಒರಗಿ ಎದ್ದುಬರುತ್ತಿದ್ದರು. ಸ್ಟೂಲು ಎಳೆದು ಕೂತವಳು ದಿಲ್ನ ಒಬ್ಬಳೇ, ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡಿದವಳು ಅವಳೊಬ್ಬಳೇ. ಅದೇ ಪುಸ್ತಕಗಳಲ್ಲಿ ಎಲ್ಲಕ್ಕಿಂತ ಮೊದಲು ಬರುವ ಪಾಠ ಯಾವುದು? ಎದುರಿಗಿರುವವರಿಗೆ ಇದರ ಅರ್ಥವೇನೆಂದು ತಿಳಿಯಿರಿ, ನೀವೇ ಊಹಿಸಿಕೊಳ್ಳಬೇಡಿ. ಹಲಗೆಯ ಮೇಲೆ ಕೆಂಪು ಚಾಕ್‌ಪೀಸಿನಲ್ಲಿ ಬರೆದು ಎರಡು ಗೆರೆ ಎಳೆದಿದ್ದಳು. ಕಾಲೇಜಿನ ಕಟ್ಟಡದಿಂದ ವಾರ್ಡಿಗೆ ಬಂದುಹೋಗುವಾಗ ಯಾವ ಕಿಟಕಿ ಒಡೆದಿದೆ, ಯಾವ ಹುಡುಗಿಯ ಉಗುರು ಬೆಳೆದಿದೆ ಎಲ್ಲ ನೋಡುತ್ತಿದ್ದ ತಾನು ಈ ಸ್ಟೂಲನ್ನು ನೋಡಿರಲೇ ಇಲ್ಲ. ವಾರಸ್ಯಾರ್ ಮೇಡಮ್ಮಿನ ಕಾರು ಆಗಲೇ ಗೇಟಿನೊಳಗೆ ಬಂದಿರಬಹುದು. ನಾಳೆ ಮನೆಗೆ ಕಳಿಸಬೇಕಾದ ಹರ್ನಿಯದ ಮುದುಕನನ್ನು ಆರೈಕೆಯ ಹೆಸರಿನಲ್ಲಿ ಸಾಯಲು ಮಲಗಿಸಿದವಳು! ಜರ್ಮನ್ ತರಗತಿ ನಾಳೆಯಲ್ಲ, ಇವತ್ತು ಮಧ್ಯಾಹ್ನವೇ ಶುರುವಾಗುತ್ತದೆ. ಈ ಮಾತು ತಲೆಗೆ ಬಂದದ್ದಕ್ಕೆ ಅವಳಿಗೆ ನಾಚಿಕೆಯಾಯಿತು. ಮುದುಕ ಅಲ್ಲಿ ಪ್ರಾಣ ಬಿಡಲು ತಲೆ ಬಾಚಿಕೊಂಡಿದ್ದಾನೆ, ಇವಳಿಗೆ ಟೈಮ್‌ಟೇಬಲ್ಲಿನ ಚಿಂತೆ.

ಮೊದಲು ಅವನಿಗೆ ಹೇಳಬೇಕು. ಅವಳು ಸ್ಟೂಲನ್ನು ಎಳೆದು ಕೂತಳು. ಕಿರ್ರ್ ಎಂದಾಗಲೇ ತಪ್ಪು ತಿಳಿದದ್ದು. ಪೊರಿಂಚು ಹೊದಿಕೆ ಎಳೆದುಕೊಂಡ.

"ಔತ ಚೇಟ್ಟಾ, ನಿಮಗೆ ಏನೂ ಆಗಿಲ್ಲ. ಹರ್ನಿಯ ಅಷ್ಟೇ. ನಾಳೆ ಮನೆಗೆ ಹೋಗ್ತೀರಿ."

"ಲೋನಪ್ಪನಿಗೂ ಹಾಗೇ ಹೇಳಿದ್ರು."

"ಸತ್ಯವಾಗ್ಲೂ ಚೇಟ್ಟಾ. ಗಾಯ ಚೆನ್ನಾಗಿ ಒಣಗ್ತಿದೆ." ಅವಳು ಅವನ ಕೈ ಹಿಡಿದಳು.

"ಎಷ್ಟು ಒಳ್ಳೆಯವರು ಟೀಚರ್ ನೀವು. ನಿಮ್ಮ ದನಿ ನೋಡಿ, ಹೂವಿನ ಹಾಗಿದೆ. ನಿನ್ನೆವರೆಗೂ ಯಾರೂ ನನ್ನ ಹತ್ರ ಹೀಗೆ ಮಾತಾಡಿರ್ಲಿಲ್ಲ. 'ಅಪ್ಪಾಪ್ಪಾ ಆ ಕಡೆ ತಿರುಗು', 'ಅಪ್ಪಾಪ್ಪಾ ಒಂದಕ್ಕೆ ಆಯ್ತಾ' ಅಂತ ಕಿರುಚ್ತಿದ್ರು. ಆಗ ನಂಗೆ ಧೈರ್ಯ ಇತ್ತು." ಅವನೇ ಅವಳ ಕೈಯ ಮೇಲೆ ಇನ್ನೊಂದು ಕೈ ಇಟ್ಟು ಸಮಾಧಾನ ಮಾಡಿದ. "ಅಳಬೇಡಿ. ನಂಗೆ ಬೇಜಾರಿಲ್ಲ. ತ್ರೇಸ್ಯ ಒಂದ್ಸಲ ಬಂದ್ರೆ ಸಾಕು."

ಅವಳು ಎಷ್ಟು ಮೃದುವಾದಳೋ ಅವನು ಅಷ್ಟು ಖಚಿತವಾಗುತ್ತಿದ್ದ. ಕಲಿತದ್ದು, ಕಲಿಸಿದ್ದು, ಆ ತಗ್ಗಿದ ದನಿ, ಮುಂದಕ್ಕೆ ಬಾಗಿದ ಭುಜ, ಕಣ್ಣಿಗೆ ಕಣ್ಣಿಟ್ಟು ನೋಡುವುದು, ಒಂದೊಂದೂ ಅವನನ್ನು ಒಂದೊಂದು ಗೇಣು ಸಾವಿನ ಕಡೆಗೆ ತಳ್ಳುತ್ತಿತ್ತು. ಇಷ್ಟು ಭಯದಲ್ಲೂ ಅವಳಿಗೆ ನಗು ಬಂತು. ಬಂದ ನಗುವನ್ನು ತಡೆಯಲು ತುಟಿ ಕಚ್ಚಿದ್ದನ್ನು ಅವನು ದುಃಖವೆಂದು ತಿಳಿದ. ಇನ್ನು ಒಂದೇ ದಾರಿ, ಗದರುವುದು. 'ಏಳ್ರೀ, ಏನು ನಾಟಕ ಇದು, ಹಾಸಿಗೆ ಖಾಲಿ ಮಾಡಿ' ಎಂದು ವಾರ್ಡಿನ ಹೆಡ್‌ನರ್ಸಿನ ಹಾಗೆ ಕಿರುಚಬೇಕು. ಅವಳು ಸ್ಟೂಲು ಬಿಟ್ಟು ಎದ್ದಳು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ಉಸಿರು ಎಳೆದುಕೊಂಡಳು. ಬಾಗಿಲಲ್ಲಿ ಸಿಸ್ಟರ್ ಫಿಡೇಲಿಯ ಕಾಣಿಸಿಕೊಂಡರು, ಅವರ ಪಕ್ಕದಲ್ಲಿ ಬೆಳ್ಳಿ ಕೂದಲಿನ ವಾರಸ್ಯಾರ್ ಮೇಡಂ, ಹಿಂದೆ ಹಸಿರು ಯೂನಿಫಾರ್ಮಿನ ಹುಡುಗಿಯರು. ಅವರೆಲ್ಲರನ್ನೂ ಮೊಣಕೈಯಿಂದ ಸರಿಸಿಕೊಂಡು, ಹಳೆಯ ಕಾಲದ ಬಿಳಿ ಕುಪ್ಪಸ-ಮುಂಡು ತೊಟ್ಟ ಒಬ್ಬ ಮುದುಕಿ ಟಿಫಿನ್ ಕ್ಯಾರಿಯರ್ ಹಿಡಿದು ಒಳಗೆ ನುಗ್ಗಿದಳು.

"ಎಲ್ಲಿ ಅವನು?"

ವಾರ್ಡಿಗೆ ವಾರ್ಡೇ ಕಿಟಕಿಯ ಕಡೆ ತಿರುಗಿತು.

"ಓ, ಇಲ್ಲಿದ್ದೀಯಾ. ಕೆಂಪು ಕೋಟು ಎಲ್ಲೋ? ಅದರಲ್ಲೇ ಹೆಣದ ಪೆಟ್ಟಿಗೆಯೊಳಗೆ ಮಲಗ್ತೀಯೇನೋ ಅಂದ್ಕೊಂಡೆ."

"ತ್ರೇಸ್ಯಾ."

"ಏನು ತ್ರೇಸ್ಯಾ? ಮೀಸೆ ಯಾಕೆ ಬೋಳಿಸ್ದೆ? ಥೂ, ಅಪ್ಪನ ಹಾಗೇ ಕಾಣ್ತೀಯ." ಅವಳು ಸ್ಟೂಲಿನ ಮೇಲೆ ದೊಪ್ಪನೆ ಕೂತು, ಡಬ್ಬಿ ಬಿಚ್ಚಿ, ಗಂಜಿಗೆ ಹೆಸರುಕಾಳಿನ ಪಲ್ಯ ಕಲಸಿ, ಚಮಚ ಅವನ ಬಾಯಿಗೆ ಹಿಡಿದಳು.

ಅವನು ನುಂಗಿದ. "ಉಪ್ಪಿಲ್ಲ."

"ಸಾಯೋನಿಗೆ ಉಪ್ಪು ಯಾಕೆ?"

ಪೊರಿಂಚು ಹೊದಿಕೆಯೊಳಗಿಂದ ನಕ್ಕ. ಔತ ಮುಂದಿನ ಚಮಚವನ್ನು ಕೈಯಿಂದ ತಡೆದ. "ಭಾವ ಹೋದ ದಿನ ನಾನು ಬರಬೇಕಿತ್ತು ತ್ರೇಸ್ಯಾ. ಸುದ್ದಿ ಬಂದಾಗ ಮೆರವಣಿಗೆ ಅರ್ಧ ದಾರಿಯಲ್ಲಿತ್ತು. ಊದೋದನ್ನ ನಿಲ್ಲಿಸಿ ಬರಬೇಕಿತ್ತು."

"ಬಾಯಿ ತೆಗಿ," ಎಂದಳು ಕೊಚ್ಚುತ್ರೇಸ್ಯ. ಸ್ವಲ್ಪ ಗಂಜಿ ಅವನ ಬೋಳಿಸಿದ ಗಲ್ಲದ ಮೇಲೆ ಚೆಲ್ಲಿತು. ಅವಳು ಅದನ್ನು ತನ್ನ ಅಂಗೈಯಿಂದಲೇ ಒರೆಸಿದಳು, ಒರೆಸಿದ ಮೇಲೂ ಅಂಗೈ ಅಲ್ಲೇ ಉಳಿಯಿತು.

ರೋಸಿಲಿ ನೋಡುತ್ತ ನಿಂತಳು. ಆ ಅಂಗೈಗೆ ಯಾವ ತರಗತಿಯೂ ಬೇಕಾಗಿರಲಿಲ್ಲ, ಆದರೂ ಅದನ್ನು ಇಲ್ಲಿಗೆ ತಂದದ್ದು ತನ್ನ ತರಗತಿಯೇ, ತರಗತಿಯ ತಪ್ಪೇ. ಅವಳ ಮೈಯೆಲ್ಲ ಕಿವಿಯಾಗಿತ್ತು, ಕಣ್ಣಾಗಿತ್ತು. ಸಿಸ್ಟರ್ ಫಿಡೇಲಿಯ ಕರವಸ್ತ್ರದಲ್ಲಿ ಮೂಗು ಒರೆಸಿಕೊಂಡರು. ಹುಡುಗಿಯರು ಮುಂದಕ್ಕೆ ತಳ್ಳಿದ ದಿಲ್ನಳನ್ನು ವಾರಸ್ಯಾರ್ ಮೇಡಂ ಕೇಳಿದರು. "ಏನು ಮಾಡ್ದೆ ಮೋಳೇ ನೀನು?"

"ಸುಮ್ನೆ ಕೂತೆ ಮೇಡಂ."

"ಮೇಡಂ, ಇದರಲ್ಲಿ ಒಂದು ವಿಷಯ..." ಎಂದಳು ರೋಸಿಲಿ.

ಮೇಡಂ ಅವಳ ತೋಳು ಒತ್ತಿ ಹಿಡಿದರು. "ಏನೂ ಹೇಳ್ಬೇಡಿ ಟೀಚರ್. ವಿವರಿಸೋಕೆ ಹೋದ್ರೆ ಕೆಡುತ್ತೆ. ಮುಂದಿನ ವರ್ಷದಿಂದ 'ಬರಿಗೈ ಹೊತ್ತು' ಎಲ್ಲಾ ಬ್ಯಾಚಿಗೂ ಇರ್ಲಿ, ನಾನು ಬರೀತೀನಿ. ಬನ್ನಿ, ಚಹಾ ಜೊತೆಗೆ ಸಿಸ್ಟರ್ ಪಳಂಪೊರಿ ಮಾಡ್ಸಿದ್ದಾರಂತೆ."

ಅವರೆಲ್ಲ ಪ್ರಿನ್ಸಿಪಾಲರ ಕೋಣೆಯ ಕಡೆ ಹೊರಟರು. ಬಂದೆ ಎಂದು ಹೇಳಿ ರೋಸಿಲಿ ವರಾಂಡದಲ್ಲೇ ಉಳಿದಳು. ಹೇಳಬೇಕು. ಚಹಾ ಮುಗಿಯುವುದರೊಳಗೆ ಹೇಳಬೇಕು. ಇದು ಗೆಲುವಲ್ಲ, ಒಬ್ಬ ಮುದುಕನಿಗೆ ಆದ ಹೆದರಿಕೆ. ಹೇಳದಿದ್ದರೆ ಮುಂದಿನ ವರ್ಷ ನಿಂತು ಪಾಠ ಮಾಡುವಾಗ ತನ್ನ ದನಿಯೇ ತನಗೆ ಸುಳ್ಳಾಗಿ ಕೇಳಿಸುತ್ತದೆ. ಅಷ್ಟರಲ್ಲಿ ಕೊಚ್ಚುತ್ರೇಸ್ಯ ಡಬ್ಬಿ ತೊಳೆಯಲು ನಲ್ಲಿಗೆ ಬಂದಳು. ರೋಸಿಲಿಗೆ ತಡೆಯಲಾಗಲಿಲ್ಲ. "ಚೇಚೀ, ನಿಮ್ಮಣ್ಣ ಸಾಯ್ತಿಲ್ಲ. ನಮ್ಮದೇ ತಪ್ಪು. ಅದು ಬರೀ..."

"ಹರ್ನಿಯ. ಗೊತ್ತು."

ಮುದುಕಿ ಡಬ್ಬಿಯನ್ನು ನಲ್ಲಿಯ ಕೆಳಗೆ ಹಿಡಿದಳು.

"ಕೆಳಗೆ ಚೀಟಿ ಕೊಡೋ ಹುಡುಗಿನ ಕೇಳ್ದೆ. ಹರ್ನಿಯ ಅಮ್ಮಚ್ಚೀ, ನಾಳೆ ಮನೆಗೆ ಅಂದ್ಲು. ನಂಗೆ ಮೈಯೆಲ್ಲ ಉರಿದು ಹೋಯ್ತು. ಸಾಯೋದ್ರಲ್ಲೂ ಮೋಸಾನಾ ಇವನದು ಅಂತ ವಾಪಸ್ ಬಸ್‌ಸ್ಟಾಪಿಗೆ ಹೋದೆ."

"ಮತ್ತೆ?"

"ಬಸ್ ಬರ್ಲಿಲ್ಲ."

ಆಸ್ಪತ್ರೆಯ ಗೇಟಿನ ಮುಂದೆ ಚೇವೂರಿನ ಬಸ್ಸುಗಳು ಒಂದರ ಹಿಂದೆ ಒಂದು ಹಾರನ್ ಹೊಡೆಯುವುದು ಇಬ್ಬರಿಗೂ ಕೇಳಿಸುತ್ತಿತ್ತು. ಮುದುಕಿ ಡಬ್ಬಿಯ ನೀರು ಚೆಲ್ಲಿದಳು. "ಅವನಿಗೆ ಹೇಳ್ಬೇಡ ಮೋಳೇ. ಸಾಯ್ತಾನೆ ಅಂತ ಓಡಿ ಬಂದ್ಲು ಅಂತಲೇ ತಿಳ್ಕೊಂಡಿರ್ಲಿ. ಸುಮ್ನೆ ನೋಡೋಕೆ ಬಂದೆ ಅಂತ ಗೊತ್ತಾದ್ರೆ ಅವನ ಜಂಬ ತಡೆಯೋಕಾಗಲ್ಲ." ಮಗ್ಗುಲಿಗೆ ಡಬ್ಬಿ ಸಿಕ್ಕಿಸಿಕೊಂಡು ಕ್ಯಾಂಟೀನಿನ ಕಡೆ ನಡೆದಳು. "ಉಪ್ಪು ಸಿಗುತ್ತಾ ನೋಡ್ತೀನಿ."

ಒಳಗೆ ಸರ್ಜನ್ ಬಂದಿದ್ದರು, ಕೂಗುತ್ತಿದ್ದರು. ಬ್ಯಾಂಡೇಜ್ ಕಿತ್ತು ನೋಡಿ ಔತನ ತೊಡೆಯ ಮೇಲೆ ತಟ್ಟಿದರು. "ಏನ್ರೀ ಬ್ಯಾಂಡ್ ಮಾಸ್ಟ್ರೇ, ಮದುವೆ ಗಂಡಿನ ಹಾಗೆ ಮಲಗಿದ್ದೀರಿ? ಏಳಿ, ಓಡಾಡಿ. ನಾಳೆ ಹಾಸಿಗೆ ಖಾಲಿ ಮಾಡ್ಬೇಕು, ಹೊರಗೆ ಜನ ಕಾಯ್ತಿದ್ದಾರೆ. ಭಾರ ಎತ್ತಬೇಡಿ. ಊದಬೇಡಿ." ಮುಂದಿನ ಹಾಸಿಗೆಗೆ ಹೋದರು. ಆ ಒರಟು ಮಾತಿನಲ್ಲಿ ಮುದುಕನ ಮುಖಕ್ಕೆ ಒಮ್ಮೆಗೇ ರಕ್ತ ಏರಿದ್ದನ್ನು ರೋಸಿಲಿ ಕಣ್ಣಾರೆ ಕಂಡಳು. ಅವನು ಜಪಸರ ದಿಂಬಿನ ಕೆಳಗೆ ಸರಿಸಿದ. ಎದ್ದು ಕೂತ. ಆಮೇಲೆ ಗಾಬರಿಯಿಂದ ಬಾಗಿಲ ಕಡೆ ನೋಡಿ, ಅವಳನ್ನು ಹತ್ತಿರ ಕರೆದ.

"ಟೀಚರ್, ನಾನು ಸಾಯಲ್ಲ ಅಲ್ವಾ?"

"ಇಲ್ಲ ಚೇಟ್ಟಾ."

"ಅವಳಿಗೆ ಹೇಳ್ಬೇಡಿ." ಕೈ ಚಾಚಿ ಅವಳ ಕೈ ಹಿಡಿದ. "ಕೊನೇ ದಿನ ಮನೇಲಿ ಇರ್ಲಿ ಅಂತ ಕಳಿಸ್ತಿದ್ದಾರೆ ಅಂದ್ಕೊಳ್ಳಲಿ ಅವಳು. ಸ್ವಲ್ಪ ದಿನ ಹೀಗೇ ಸಾಯ್ತಾ ಇರ್ತೀನಿ."

ಅವಳ ಬೆರಳುಗಳು ಅಭ್ಯಾಸದಂತೆ ಜಾರಿ ಅವನ ಮಣಿಕಟ್ಟಿಗೆ ಹೋದವು. ನಾಡಿ ಹಬ್ಬದ ಡೋಲಿನ ಹಾಗೆ ಹೊಡೆಯುತ್ತಿತ್ತು. ಬೆರಳುಗಳನ್ನು ಅಲ್ಲೇ ಬಿಟ್ಟಳು. ಎಣಿಸಲಿಲ್ಲ. ಎಣಿಸದೆಯೂ ಅಲ್ಲಿರಬಹುದು ಎಂಬುದು ಅವಳಿಗೆ ಗೊತ್ತೇ ಇರಲಿಲ್ಲ. ಒಲ್ಲೂರಿನ ಮನೆಯ ಮಂಚ, ಅಪ್ಪನ ನಗು ಬಂದು ಹೋದವು. ನಾಡಿ ಹಿಡಿದ ಕೈಯೂ ಕೈಯೇ ಅಲ್ಲವೇ ಎಂದು ಅಪ್ಪನಿಗೆ ಹೇಳಬೇಕೆನ್ನಿಸಿತು.

ಪ್ರಿನ್ಸಿಪಾಲರ ಕೋಣೆಯಲ್ಲಿ ಅವಳ ಚಹಾ ಆರಿತ್ತು. ವಾರಸ್ಯಾರ್ ಮೇಡಂ ನಗುತ್ತ ಪಕ್ಕದ ಕುರ್ಚಿ ತೋರಿಸಿದರು. ರೋಸಿಲಿ ಕೂರಲಿಲ್ಲ.

"ಸಿಸ್ಟರ್, ವಾರ್ಡಿನಲ್ಲಿ ಪ್ರತಿ ಹಾಸಿಗೆಗೂ ಒಂದೊಂದು ಸ್ಟೂಲ್ ಬೇಕು. ಹಾಸಿಗೆ ಪಕ್ಕದಲ್ಲಿ ಯಾವಾಗ್ಲೂ ಇರ್ಬೇಕು. ಅದೇ ಹಸಿರು ಬಣ್ಣದ್ದು."

"ಅಯ್ಯೋ ಕರ್ತನೇ," ಎಂದರು ಸಿಸ್ಟರ್ ಫಿಡೇಲಿಯ, ಆದರೆ ದನಿಯಲ್ಲಿ ಮುಳ್ಳಿರಲಿಲ್ಲ. "ಗೆದ್ದ ಕೂಡಲೇ ಪೀಠೋಪಕರಣಾನಾ? ಒಂದು ಸಾಲ್ದಾ? ಯಾಕೆ ಅಂತ ಹೇಳಿ."

ಇದೇ ಹೊತ್ತು. ಮೇಡಂ ಕಾಯುತ್ತಿದ್ದರು, ಸಿಸ್ಟರ್ ಕಾಯುತ್ತಿದ್ದರು, ತಟ್ಟೆಯಲ್ಲಿ ಬಾಳೆಹಣ್ಣಿನ ಪಳಂಪೊರಿಯ ಎಣ್ಣೆ ಕಾಗದಕ್ಕೆ ಹರಡುತ್ತಿತ್ತು. ಹೇಳಲು ಬೇಕಾದ ವಾಕ್ಯ ಪೂರ್ತಿ ನಾಲಗೆಯ ಮೇಲಿತ್ತು.

"ಕೂರೋಕೆ," ಎಂದಳು.

ಹೊರಗೆ ಮೆಟ್ಟಿಲ ಮೇಲೆ ದಿಲ್ನ ಇನ್ನೂ ಕಾದಿದ್ದಳು. "ಟೀಚರೇ, ನಾನು ಸರಿಯಾಗೇ ಮಾಡಿದ್ನಾ?"

"ಮುಂದಿನ ಸಲ ಯಾರಾದ್ರೂ 'ಇಷ್ಟು ಬೇಗನಾ' ಅಂತ ಕೇಳಿದ್ರೆ, ಹೂಂ ಅನ್ನೋಕೆ ಮೊದ್ಲು 'ಏನು ಇಷ್ಟು ಬೇಗ' ಅಂತ ಕೇಳು."

"ಯಾಕೆ? ಏನಾದ್ರೂ ಆಯ್ತಾ?"

ಹುಡುಗಿಯ ಕಣ್ಣು ನಿದ್ದೆಗೆಟ್ಟು ಕೆಂಪಾಗಿತ್ತು, ಇಡೀ ಲೋಕವನ್ನು ಗೆದ್ದಂತಿತ್ತು. ಹೇಳಬೇಡಿ ಎಂದು ಅಣ್ಣ ತಂಗಿ ಇಬ್ಬರೂ ಕೇಳಿಕೊಂಡಿದ್ದಾರೆ ಎಂಬುದು ನಿಜ. ಅವರು ಕೇಳಿಕೊಳ್ಳದಿದ್ದರೆ ತಾನು ಬಾಯಿ ಬಿಡುತ್ತಿದ್ದೆನೇ ಎಂಬುದು ತನಗೆ ಎಂದೂ ತಿಳಿಯುವುದಿಲ್ಲ ಎಂಬುದೂ ಅಷ್ಟೇ ನಿಜ. ಆ ತಿಳಿಯದಿರುವುದನ್ನು ತಾನೊಬ್ಬಳೇ ಇಟ್ಟುಕೊಳ್ಳಬೇಕು. ಎದೆ ರಾತ್ರಿಯ ಹಾಗೆಯೇ ಢವಢವ ಎನ್ನುತ್ತಿತ್ತು. ಭಯಕ್ಕೋ ಸಂತೋಷಕ್ಕೋ ಬೇರೆ ಮಾಡಿ ನೋಡಲು ಅವಳು ಹೋಗಲಿಲ್ಲ.

"ಏನೂ ಆಗಿಲ್ಲ. ಹೋಗಿ ಮಲಗು ಮೋಳೇ," ಎಂದಳು ರೋಸಿಲಿ. ಇವಳಿಗೂ ಹೇಳುವುದಿಲ್ಲ, ಯಾರಿಗೂ ಹೇಳುವುದಿಲ್ಲ ಎಂದುಕೊಂಡು ತರಗತಿಯ ಕಡೆಗೆ ಬೇಗ ಬೇಗ ಮೆಟ್ಟಿಲು ಹತ್ತಿದಳು.